ಹಳೆ ಮೋಟಾರ್‌ಹೋಮ್‌ಗೆ ಮರುಜೀವ: ಪರದೆ ಆಮೇಲೆ, ಮೊದಲು ನಟ್ ಎಣಿಸಿ

ಅಮೆರಿಕದಲ್ಲಿ 1970ರ ದಶಕದ ನಡುವಿನಿಂದ 1990ರ ದಶಕದ ಆರಂಭದವರೆಗೆ ಒಂದು ಬಗೆಯ ಪುಟ್ಟ ಮೋಟಾರ್‌ಹೋಮ್ ಚೆನ್ನಾಗಿ ಮಾರಾಟವಾಯಿತು. ಮುಂದೆ ಟೊಯೊಟಾ ಪಿಕಪ್. ಹಿಂದೆ ಒಂದು ಒಲೆ, ಒಂದು ಸಿಂಕ್, ಮೈ ತಿರುಗಿಸಲು ಕಷ್ಟವಾಗುವಷ್ಟು ಚಿಕ್ಕ ಬಚ್ಚಲು. ಡ್ರೈವರ್ ತಲೆಯ ಮೇಲೆ ಮುಂದಕ್ಕೆ ಚಾಚಿಕೊಂಡ ಅಟ್ಟ, ಅದರಲ್ಲಿ ಹಾಸಿಗೆ. ಉದ್ದ ಹೆಚ್ಚಾಗಿ 18ರಿಂದ 21 ಅಡಿ. ಟೊಯೊಟಾ ಕೊಡುತ್ತಿದ್ದದ್ದು ಕ್ಯಾಬ್, ಎಂಜಿನ್, ಚಾಸಿ ಮಾತ್ರ. ಮೇಲಿನ ಮನೆ ಕಟ್ಟುತ್ತಿದ್ದವರು ಬೇರೆಯವರು. ಡಾಲ್ಫಿನ್, ಸನ್‌ರೇಡರ್, ವಿನ್ನೆಬಾಗೊ ವಾರಿಯರ್ ಅಂತೆಲ್ಲ ಹೆಸರು.

ಹೊಸ ಕ್ಯಾಂಪರ್ ವ್ಯಾನಿನ ಬೆಲೆ ಒಂದು ಲಕ್ಷ ಡಾಲರ್ ದಾಟುವುದು ಈಗ ಮಾಮೂಲು. ಹಾಗಾಗಿ ಇಲ್ಲಿರುವ ನಮ್ಮವರೂ ಹಳೆ ಗಾಡಿಯ ಜಾಹೀರಾತು ನೋಡಿ ಆಸೆಪಡುತ್ತಾರೆ. ಆಸೆಪಡುವುದರಲ್ಲಿ ತಪ್ಪೇನಿಲ್ಲ. ತಪ್ಪುವುದು ಕೆಲಸದ ಕ್ರಮ. ವಿಡಿಯೊ ನೋಡಿ ಮೊದಲ ವಾರವೇ ಬಿಳಿ ಪೇಂಟು, ಹೊಸ ಕುಶನ್, ಪರದೆ. ಎರಡು ಮಳೆ ಕಳೆಯುವಷ್ಟರಲ್ಲಿ ಆ ಬಿಳಿ ಗೋಡೆಯಲ್ಲಿ ಕಂದು ಕಲೆ. ಈ ಗಾಡಿಗಳಲ್ಲಿ ಕೆಳಗಿನ ಪಿಕಪ್ ಗಟ್ಟಿ, ಮೇಲಿನ ಮನೆ ಬಡಪಾಯಿ. ಗಟ್ಟಿಯಾದ ಕೆಳಭಾಗದಲ್ಲೂ ಒಂದು ದೊಡ್ಡ ಹುಳುಕಿದೆ. ಅಲ್ಲಿಂದಲೇ ಶುರು ಮಾಡೋಣ.

ಕೊಳ್ಳುವ ಮುಂಚೆ: ಹಿಂದಿನ ಚಕ್ರ

ಹಿಂದಿನ ಚಕ್ರದ ಮೇಲೆ ಹೊಳೆಯುವ ಕವರ್ ಇದ್ದರೆ ತೆಗೆಸಿ. ಮಾರುವವರು ಗೊಣಗಿದರೂ ತೆಗೆಸಿ. ನಟ್ ಎಣಿಸಿ. ಆರು ನಟ್ ಇದ್ದು, ನಡುವಿನ ಹಬ್ ಹೊರಕ್ಕೆ ಉದ್ದವಾಗಿ ಚಾಚಿದ್ದರೆ ಅದು ಒಂದು ಟನ್ ಹೊರುವ ಗಾಡಿಯ ಫುಲ್ ಫ್ಲೋಟಿಂಗ್ ಆಕ್ಸಲ್. ಐದೇ ನಟ್ ಇದ್ದು ಜೋಡಿ ಚಕ್ರ ಹಾಕಿದ್ದರೆ ಹುಷಾರು.

ಕಾರಣ ಇಷ್ಟೇ. ಅರ್ಧ ಟನ್ ಹೊರುವ ಪಿಕಪ್‌ಗೆ ಅಂತ ಮಾಡಿದ ಆಕ್ಸಲ್ ಮೇಲೆ ಆಗ ಇಡೀ ಮನೆಯನ್ನೇ ಕೂರಿಸಿದರು. ಟೈರಿಗೆ ಭಾರ ಜಾಸ್ತಿ ಆಯಿತು ಅಂತ ಪಕ್ಕದಲ್ಲಿ ಇನ್ನೊಂದು ಟೈರ್ ಸೇರಿಸಿದರು. ಹಿಂದೆ ಟೈರ್ ನಾಲ್ಕಾಯಿತು, ಬೇರಿಂಗು ಮತ್ತು ಶಾಫ್ಟು ಮಾತ್ರ ಅದೇ ಹಳೆಯವು. ಈ ಬಗೆಯ ಆಕ್ಸಲ್‌ನಲ್ಲಿ ಶಾಫ್ಟೇ ಚಕ್ರ ತಿರುಗಿಸಬೇಕು, ಭಾರವನ್ನೂ ಹೊರಬೇಕು. ಅದು ತುಂಡಾದರೆ ಚಕ್ರ ಶಾಫ್ಟಿನ ಜೊತೆಗೇ ಆಚೆ ಬರುತ್ತದೆ. ಫುಲ್ ಫ್ಲೋಟಿಂಗ್‌ನಲ್ಲಿ ಭಾರವನ್ನು ಹಬ್ ಮತ್ತು ಆಕ್ಸಲ್‌ನ ಹೊರಕೊಳವೆ ಹೊರುತ್ತವೆ. ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಈ ದೋಷಕ್ಕಾಗಿ ರೀಕಾಲ್ ನಡೆದು ಎಷ್ಟೋ ಗಾಡಿಗಳ ಆಕ್ಸಲ್ ಬದಲಾಯಿತು. ಎಲ್ಲವೂ ಬದಲಾಗಲಿಲ್ಲ. ಐದು ನಟ್ಟಿನ ಜೋಡಿ ಚಕ್ರದ ಗಾಡಿ ಎಷ್ಟೇ ಅಗ್ಗವಾಗಿರಲಿ, ಆಕ್ಸಲ್ ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿದೇ ಬೆಲೆ ಮಾತಾಡಿ. ನಾನಾದರೆ ಕೈಮುಗಿದು ವಾಪಸ್ ಬರುತ್ತೇನೆ.

ಅಲ್ಲೇ ಬಗ್ಗಿ ಹಿಂದಿನ ಕಮಾನ್ ಪಟ್ಟಿಗಳನ್ನೂ ನೋಡಿ. ಬಿಡದಿಯಲ್ಲಿ ತಯಾರಾದ ಕ್ವಾಲಿಸ್ ಓಡಿಸಿದವರಿಗೆ ಇವು ಹೊಸದೇನಲ್ಲ. ಪಟ್ಟಿ ಬಾಗಿರುವ ಬದಲು ಸಪಾಟಾಗಿದ್ದರೆ ವರ್ಷಗಟ್ಟಲೆ ಜಾಸ್ತಿ ಭಾರ ಹೊತ್ತಿದೆ ಅಂತ ಅರ್ಥ. ಇದು ದೊಡ್ಡ ತಲೆನೋವಲ್ಲ. ಸ್ಪ್ರಿಂಗ್ ಅಂಗಡಿಯವರು ಒಂದು ಪಟ್ಟಿ ಸೇರಿಸಿ ಸರಿಮಾಡಿಕೊಡುತ್ತಾರೆ.

ಎಂಜಿನ್: ತಣ್ಣಗಿದ್ದಾಗ ಕೇಳಿ

1980ರ ದಶಕದ ಹೆಚ್ಚಿನ ಗಾಡಿಗಳಲ್ಲಿರುವುದು 2.4 ಲೀಟರಿನ, ನಾಲ್ಕು ಸಿಲಿಂಡರಿನ 22ಆರ್ ಎಂಜಿನ್, ಇಲ್ಲವೇ ಇಂಜೆಕ್ಷನ್ ಇರುವ 22ಆರ್‌ಇ. ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳುತ್ತದೆ, ಆದರೆ ಸುಲಭಕ್ಕೆ ಸಾಯುವುದಿಲ್ಲ. ಇದರ ವೀಕ್ನೆಸ್ ಟೈಮಿಂಗ್ ಚೈನು. ಚೈನನ್ನು ಹಿಡಿದಿಡುವ ಪ್ಲಾಸ್ಟಿಕ್ ಗೈಡ್‌ಗಳು ವಯಸ್ಸಾದಂತೆ ಒಡೆಯುತ್ತವೆ. ಆಮೇಲೆ ಚೈನು ಸಡಿಲವಾಗಿ ಮುಂದಿನ ಕವರನ್ನೇ ಉಜ್ಜತೊಡಗುತ್ತದೆ. ಕವರ್ ತೂತಾದರೆ ಕೂಲೆಂಟ್ ಹೋಗಿ ಎಂಜಿನ್ ಆಯಿಲ್‌ಗೆ ಸೇರುತ್ತದೆ.

ಪರೀಕ್ಷೆ ಸುಲಭ. ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಅಂತ ಮಾರುವವರಿಗೆ ಮೊದಲೇ ಹೇಳಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿಸಿ, ಬಾನೆಟ್ ಪಕ್ಕ ನಿಂತು ಮೊದಲ ಕೆಲವು ಸೆಕೆಂಡ್ ಕಿವಿಗೊಡಿ. ಎಂಜಿನ್ನಿನ ಮುಂಭಾಗದಲ್ಲಿ ಗಲಗಲ ಸದ್ದು ಬಂದರೆ ಚೈನ್ ಕಿಟ್ ಹಾಕಿಸುವ ಕಾಲ ಬಂದಿದೆ. ಆಯಿಲ್ ಮುಚ್ಚಳ ತೆಗೆದು ನೋಡಿ. ಒಳಗೆ ಕೆನೆಬಣ್ಣದ ಲೋಳೆ ಕಂಡರೆ ನೀರು ಸೇರಿರುವ ಅನುಮಾನ. 1988ರ ನಂತರದ ಕೆಲವು ಗಾಡಿಗಳಲ್ಲಿ 3 ಲೀಟರಿನ ವಿ6 ಇದೆ. ಅದಕ್ಕೆ ಹೆಡ್ ಗ್ಯಾಸ್ಕೆಟ್ ಕಾಟ. ಅದನ್ನು ಬದಲಿಸಿದ ಬಿಲ್ ಇದೆಯಾ ಅಂತ ಕೇಳಿ.

ಟೈರಿನ ಪಕ್ಕೆಯಲ್ಲಿ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 2314 ಅಂದರೆ 2014ರ 23ನೇ ವಾರ ತಯಾರಾದದ್ದು. ಈ ಗಾಡಿಗಳು ಓಡುವುದಕ್ಕಿಂತ ನಿಂತಿರುವುದೇ ಜಾಸ್ತಿ. ಗುಂಡಿ ಸವೆಯದೆ ಟೈರ್ ಹೊಸದರಂತೆ ಕಂಡರೂ ರಬ್ಬರ್ ಒಣಗಿರುತ್ತದೆ. ಹತ್ತು ವರ್ಷ ದಾಟಿದ್ದರೆ ಎಲ್ಲ ಆರೂ ಬದಲಿಸಿ, ಚೌಕಾಶಿ ಬೇಡ. ಜೋಡಿ ಚಕ್ರದ ಒಳಗಿನ ಟೈರಿಗೆ ಗಾಳಿ ಇದೆಯೋ ಇಲ್ಲವೋ ಅಂತ ಯಾರೂ ನೋಡಿರುವುದಿಲ್ಲ. ನೀವು ನೋಡಿ. ಬ್ರೇಕಿನ ರಬ್ಬರ್ ಹೋಸ್, ಪೆಟ್ರೋಲ್ ಹೋಸ್, ಬ್ರೇಕ್ ಆಯಿಲ್, ಇಷ್ಟನ್ನು ಗ್ಯಾರೇಜಿನಲ್ಲಿ ಕಣ್ಣುಮುಚ್ಚಿ ಹೊಸದು ಮಾಡಿಸಿ.

ನೀರು ಎಲ್ಲಿಂದ ಬರುತ್ತಿದೆ?

ಇದೇ ಅಸಲಿ ಕೆಲಸ. ಸನ್‌ರೇಡರ್‌ನ ಮೈ ಎರಡು ದೊಡ್ಡ ಫೈಬರ್‌ಗ್ಲಾಸ್ ಚಿಪ್ಪುಗಳನ್ನು ಜೋಡಿಸಿ ಮಾಡಿದ್ದು, ಹಾಗಾಗಿ ಸೋರುವ ಜಾಗ ಕಡಿಮೆ. ಉಳಿದವುಗಳಲ್ಲಿ ಹೆಚ್ಚಿನವು ರೀಪರ್ ಮರದ ಚೌಕಟ್ಟಿನವು. ಹೊರಗೆ ತೆಳು ಅಲ್ಯೂಮಿನಿಯಂ ಅಥವಾ ಫೈಬರ್‌ಗ್ಲಾಸ್ ಹಾಳೆ, ನಡುವೆ ಥರ್ಮೋಕೋಲ್, ಒಳಗೆ ತೆಳು ಪ್ಲೈವುಡ್. ಎಲ್ಲವನ್ನೂ ಸ್ಟೇಪಲ್ ಪಿನ್ನಿನಲ್ಲಿ ಹೊಡೆದು ಕೂರಿಸಿರುತ್ತಾರೆ. ಒಳಗೆ ನೀರು ಹೊಕ್ಕರೆ ಆಚೆ ಹೋಗಲು ದಾರಿಯೇ ಇಲ್ಲ.

ಹೆಚ್ಚು ಕೆಡುವುದು ಅಟ್ಟ. ಹಾಸಿಗೆ ಎತ್ತಿ, ಮುಂದಿನ ಮೂಲೆಗಳನ್ನು ಹೆಬ್ಬೆರಳಿನಲ್ಲಿ ಒತ್ತಿ. ಮೆತ್ತಗಿದ್ದರೆ ದಬ್ಬಣದಿಂದ ಚುಚ್ಚಿ. ಸಲೀಸಾಗಿ ಇಳಿದರೆ ಮರ ಲಡ್ಡು ಹಿಡಿದಿದೆ. ಎರಡು ಮುಳ್ಳಿನ ತೇವಾಂಶ ಮೀಟರ್ ಕೊಂಡರೆ ಒಳ್ಳೆಯದು. 15 ಶೇಕಡಾ ಒಳಗಿದ್ದರೆ ಪರವಾಗಿಲ್ಲ, 20 ದಾಟಿದರೆ ಒಳಗೆ ನೀರಿದೆ.

ಮಲೆನಾಡಿನ ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಹನಿ ಬೀಳುವ ಜಾಗದ ನೇರ ಮೇಲೆಯೇ ಹೆಂಚು ಒಡೆದಿರಬೇಕು ಅಂತೇನಿಲ್ಲ ಅನ್ನುವುದು ಅವರಿಗೆ ಗೊತ್ತು, ಅಲ್ವಾ? ಇಲ್ಲೂ ಹಾಗೇ. ಚಾವಣಿಯ ಗಾಳಿಕಿಂಡಿಯ ಹತ್ತಿರ ಹೊಕ್ಕ ನೀರು ರೀಪರ್ ಹಿಡಿದು ಹರಿದು ಎಲ್ಲೋ ದೂರದ ಕಿಟಕಿಯ ಕೆಳಗೆ ಕಾಣಿಸಿಕೊಳ್ಳುತ್ತದೆ. ಕಲೆ ಕಂಡ ಜಾಗಕ್ಕೆ ಸೀಲಂಟ್ ಮೆತ್ತಿ ಪ್ರಯೋಜನವಿಲ್ಲ.

ತೂತು ಹುಡುಕಲು ಒಂದು ಒಳ್ಳೆ ಉಪಾಯ ಇದೆ. ಚಾವಣಿಯ ಗಾಳಿಕಿಂಡಿಯಲ್ಲಿ ದೊಡ್ಡ ಫ್ಯಾನನ್ನು ಗಾಳಿ ಒಳಕ್ಕೆ ಬೀಸುವಂತೆ ಕೂರಿಸಿ. ಸುತ್ತಲಿನ ಸಂದು, ಕ್ಯಾಬಿಗೆ ಹೋಗುವ ದಾರಿ, ಬಾಗಿಲು, ಸಿಂಕಿನ ತೂತು ಎಲ್ಲ ಪ್ಲಾಸ್ಟಿಕ್ ಹಾಳೆ ಮತ್ತು ಟೇಪಿನಲ್ಲಿ ಮುಚ್ಚಿ. ಗ್ಯಾಸು, ಒಲೆ ಮೊದಲೇ ಆಫ್ ಆಗಿರಲಿ. ಈಗ ಹೊರಗೆ ನಿಂತು ಪಾತ್ರೆ ತೊಳೆಯುವ ಸೋಪಿನ ನೀರನ್ನು ಜೋಡಣೆಗಳ ಮೇಲೆ ಸ್ಪ್ರೇ ಮಾಡುತ್ತಾ ಹೋಗಿ. ಮೂಲೆಯ ಅಲ್ಯೂಮಿನಿಯಂ ಪಟ್ಟಿಯ ಯಾವುದೋ ಒಂದು ಸ್ಕ್ರೂ ತಲೆಯ ಸುತ್ತ ಸಣ್ಣ ಗುಳ್ಳೆಗಳು ಏಳುತ್ತವೆ. ಒಡೆಯುತ್ತವೆ, ಮತ್ತೆ ಏಳುತ್ತವೆ. ಅಲ್ಲಿ ಮಾರ್ಕರ್‌ನಲ್ಲಿ ಗುರುತು ಹಾಕಿ. ಸುತ್ತು ಮುಗಿಯುವಷ್ಟರಲ್ಲಿ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಗುರುತು ಬಿದ್ದಿರುತ್ತವೆ.

ಮುಚ್ಚುವುದು ಹೀಗೆ. ಮೂಲೆ ಪಟ್ಟಿಯ ನಡುವೆ ವಿನೈಲ್ ಟೇಪಿನ ಎಳೆ ಇರುತ್ತದೆ. ಅದನ್ನು ಎಳೆದರೆ ಕೆಳಗೆ ಸ್ಕ್ರೂಗಳ ಸಾಲು. ತುಕ್ಕು ಹಿಡಿದು ಕಂದಾಗಿರುವ ಸ್ಕ್ರೂ ಸಿಕ್ಕಿದ ಕಡೆ ನೀರು ಇಳಿದಿದೆ ಅಂತ ತಿಳಿಯಿರಿ. ಪಟ್ಟಿಯನ್ನು ಪೂರ್ತಿ ಬಿಚ್ಚಿ. ಗಟ್ಟಿಯಾದ ಹಳೆ ಪುಟ್ಟಿಯನ್ನು ಪ್ಲಾಸ್ಟಿಕ್ ಬ್ಲೇಡಿನಲ್ಲಿ ಕೆರೆದು, ಮಿನರಲ್ ಸ್ಪಿರಿಟ್‌ನಲ್ಲಿ ಒರೆಸಿ. ಪಟ್ಟಿಯ ಹಿಂದೆ ಬ್ಯೂಟೈಲ್ ಟೇಪ್ (ಜಿಗುಟಾದ ರಬ್ಬರಿನ ಟೇಪು) ಅಂಟಿಸಿ, ಸ್ಟೇನ್‌ಲೆಸ್ ಸ್ಕ್ರೂ ಹಾಕಿ ಬಿಗಿಮಾಡಿ. ಟೇಪು ಎರಡೂ ಅಂಚಿನಿಂದ ಸ್ವಲ್ಪ ಹೊರಗೆ ಉಬ್ಬಿ ಬರಬೇಕು. ಬರದಿದ್ದರೆ ಒಳಗೆ ಖಾಲಿ ಇದೆ. ಮಾರನೆಯ ದಿನ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿಮಾಡಿ ಉಬ್ಬಿದ್ದನ್ನು ಕತ್ತರಿಸಿ. ಚಾವಣಿಯ ಮೇಲೆ ತಾನಾಗಿ ಹರಡಿಕೊಳ್ಳುವ ಲ್ಯಾಪ್ ಸೀಲಂಟ್ ಬಳಸಿ.

ಸಿಲಿಕೋನ್ ಮಾತ್ರ ಬೇಡ. ಅಂಗಡಿಯಲ್ಲಿ ಮೊದಲು ಕೈಗೆ ಸಿಗುವುದೇ ಅದು. ಆದರೆ ಒಮ್ಮೆ ಹಚ್ಚಿದ ಮೇಲೆ ಅಲ್ಲಿ ಬೇರೆ ಏನೂ ಅಂಟುವುದಿಲ್ಲ. ಹಿಂದಿನ ಮಾಲೀಕರು ಧಾರಾಳವಾಗಿ ಸಿಲಿಕೋನ್ ಬಳಿದ ಗಾಡಿ ಸಿಕ್ಕಿದರೆ ಅದನ್ನು ಕೆರೆಯುವುದರಲ್ಲೇ ವಾರಾಂತ್ಯಗಳು ಹೋಗುತ್ತವೆ.

ಲಡ್ಡು ಹಿಡಿದ ಮರ

ಸೋರಿಕೆ ನಿಂತ ಮೇಲೆ ಒಳಗಿನ ಪ್ಲೈವುಡ್ ಬಿಚ್ಚಿ. ಬೂಷ್ಟು ಹಾರುತ್ತದೆ, ಎನ್95 ಮಾಸ್ಕ್ ಹಾಕಿಕೊಳ್ಳಿ. ಬಿಚ್ಚುವ ಮೊದಲು ಫೋಟೊ ತೆಗೆಯಿರಿ, ಪ್ರತಿ ವೈರಿಗೂ ಟೇಪ್ ಸುತ್ತಿ ಹೆಸರು ಬರೆಯಿರಿ. ಹಳೆ ಹಾಳೆಯನ್ನು ಚೂರು ಮಾಡದೆ ತೆಗೆದರೆ ಅದೇ ಹೊಸ ಹಾಳೆಗೆ ಅಳತೆ.

ಇಡೀ ಚೌಕಟ್ಟನ್ನು ಒಂದೇ ಸಲ ಕಿತ್ತುಹಾಕಬೇಡಿ. ಹೊರಗಿನ ಹಾಳೆಗೆ ಆಕಾರ ಕೊಟ್ಟಿರುವುದೇ ಆ ಮರ. ಎಲ್ಲ ತೆಗೆದರೆ ಅಟ್ಟ ಜೋತುಬೀಳುತ್ತದೆ. ಹೊರಗಿನಿಂದ ಅಟ್ಟಕ್ಕೆ ಊರೆ ಕೊಟ್ಟು, ಒಂದು ತುಂಡು ತೆಗೆದು ಒಂದು ಹಾಕುತ್ತಾ ಮುಂದೆ ಹೋಗಿ. ಕೊಳೆತ ಭಾಗ ಮುಗಿದು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಪಕ್ಕದಲ್ಲಿ ಹೊಸ ರೀಪರ್ ಜೋಡಿಸಿ ಅಂಟು ಮತ್ತು ಸ್ಕ್ರೂ ಹಾಕಿ. ಹೊಸ ಹಾಳೆ ಹೊಡೆಯುವ ಮುಂಚೆ ಫ್ಯಾನು, ಡಿಹ್ಯುಮಿಡಿಫೈಯರ್ ಇಟ್ಟು ಒಣಗಿಸಿ. ಮೀಟರ್ 15ಕ್ಕಿಂತ ಕೆಳಗೆ ಇಳಿಯುವವರೆಗೆ ಗೋಡೆ ಮುಚ್ಚುವ ಹಾಗಿಲ್ಲ. ಇಲ್ಲಿ ಅವಸರ ಮಾಡುವವರೇ ಜಾಸ್ತಿ.

ಗ್ಯಾಸು, ಕರೆಂಟು, ನೀರಿನ ಪೈಪು

ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ನೆಲದ ಹತ್ತಿರ ಸೇರಿಕೊಳ್ಳುತ್ತದೆ. ಅದಕ್ಕೇ ಅದರ ಅಲಾರಂ ಕೆಳಗಿರಬೇಕು. ಅಲಾರಂ ಹಿಂದೆ ಮುದ್ರಿಸಿದ ತಾರೀಖು ನೋಡಿ. ಐದರಿಂದ ಏಳು ವರ್ಷಕ್ಕೆ ಅದರ ಆಯುಸ್ಸು ಮುಗಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇರೆ, ಅದೂ ಬೇಕು. ರೆಗ್ಯುಲೇಟರ್ ಮತ್ತು ರಬ್ಬರ್ ಹೋಸ್ ಹೊಸದು ಹಾಕಿ, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡಿ. ತಾಮ್ರದ ಪೈಪನ್ನೇ ಬದಲಿಸಬೇಕಾದರೆ ಬಲ್ಲವರನ್ನು ಕರೆಸಿ. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಹಳೆ ಫ್ರಿಜ್ ಅಮೋನಿಯಾದಿಂದ ನಡೆಯುವಂಥದ್ದು. ಗಾಡಿ ಓರೆಯಾಗಿ ನಿಂತಿದ್ದರೆ ಸರಿಯಾಗಿ ತಣಿಸುವುದಿಲ್ಲ. ಹಿಂಭಾಗದಲ್ಲಿ ಹಳದಿ ಪುಡಿ ಕಂಡರೆ ಅಥವಾ ಅಮೋನಿಯಾ ವಾಸನೆ ಬಂದರೆ ಅದರ ಕಥೆ ಮುಗಿಯಿತು. ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಅದು ವಿಷ. ಅದರ ಜಾಗಕ್ಕೆ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಹಾಕಿದರೆ ನೆಮ್ಮದಿ.

ಹೊರಗಿನ ಕರೆಂಟನ್ನು 12 ವೋಲ್ಟಿಗೆ ಇಳಿಸಿ ಬ್ಯಾಟರಿ ತುಂಬಿಸುವ ಪೆಟ್ಟಿಗೆಯೇ ಕನ್ವರ್ಟರ್. ಆ ಕಾಲದ ಕನ್ವರ್ಟರ್‌ಗಳು ಹೊಸ ಬ್ಯಾಟರಿಯನ್ನು ಅತಿಯಾಗಿ ಚಾರ್ಜ್ ಮಾಡಿ ಕೊಲ್ಲುತ್ತವೆ. ಬ್ಯಾಟರಿಗಿಂತ ಮೊದಲು ಅದನ್ನು ಬದಲಿಸಿ. ಲಿಥಿಯಂ ಬ್ಯಾಟರಿ ಹಾಕುವುದಾದರೆ ಅದಕ್ಕೆ ಹೊಂದುವ ಚಾರ್ಜರ್ ಬೇಕು. ಎಂಜಿನ್ನಿನ ಆಲ್ಟರ್ನೇಟರ್‌ನಿಂದ ಸೀದಾ ವೈರ್ ಎಳೆಯಬಾರದು, ನಡುವೆ ಡಿಸಿ-ಡಿಸಿ ಚಾರ್ಜರ್ ಇರಲಿ. ಬ್ಯಾಟರಿಯ ಪಾಸಿಟಿವ್ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ. ಬಲ್ಬುಗಳೆಲ್ಲ ಎಲ್‌ಇಡಿ ಆಗಲಿ.

ಸಿಂಕಿನ ಕೆಳಗೆ ಬೂದು ಬಣ್ಣದ ಪೈಪಿನ ಮೇಲೆ ಪಿಬಿ 2110 ಅಂತ ಬರೆದಿದ್ದರೆ ಅದು ಪಾಲಿಬ್ಯುಟಿಲೀನ್. ಜೋಡಣೆಗಳಲ್ಲಿ ಸೋರಿ ಕೆಟ್ಟ ಹೆಸರು ತೆಗೆದುಕೊಂಡ ಪೈಪು. ಗೋಡೆ ಬಿಚ್ಚಿರುವಾಗಲೇ ಪೆಕ್ಸ್ ಅನ್ನುವ ಬಾಗುವ ಪ್ಲಾಸ್ಟಿಕ್ ಪೈಪ್ ಹಾಕಿಬಿಡಿ. ನೀರಿನ ಟ್ಯಾಂಕಿಗೆ ಪ್ರತಿ 57 ಲೀಟರಿಗೆ 60 ಮಿಲಿ ಮಾಮೂಲಿ ಬ್ಲೀಚ್ ಹಾಕಿ ತುಂಬಿಸಿ. ಎಲ್ಲ ನಲ್ಲಿಯಲ್ಲೂ ವಾಸನೆ ಬರುವವರೆಗೆ ಹರಿಸಿ. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ವಾಸನೆ ಹೋಗುವವರೆಗೆ ತೊಳೆಯಿರಿ.

ಈಗ ಒಳಾಂಗಣ

ಇದನ್ನು ನಿಮ್ಮ ಇಷ್ಟಕ್ಕೇ ಬಿಡುತ್ತೇನೆ. ಒಂದೇ ಷರತ್ತು: ತೂಕ. ಬಹಳಷ್ಟು ಗಾಡಿಗಳ ಒಟ್ಟು ತೂಕದ ಮಿತಿ ಸುಮಾರು 2,700 ಕೆಜಿ. ನಿಮ್ಮದರ ಸಂಖ್ಯೆ ಡ್ರೈವರ್ ಬಾಗಿಲ ಬಳಿಯ ಫಲಕದಲ್ಲಿ ಇರುತ್ತದೆ. ಖಾಲಿ ಗಾಡಿಯೇ ಅದರ ಬಹುಪಾಲು ತಿಂದುಹಾಕಿರುತ್ತದೆ. 75 ಲೀಟರ್ ನೀರು ಅಂದರೆ ಅದೇ 75 ಕೆಜಿ. ಓಕ್ ಮರದ ಕಪಾಟು, ಸೆರಾಮಿಕ್ ಟೈಲ್ಸ್ ವಿಡಿಯೊದಲ್ಲಿ ಚೆಂದ, ಈ ಆಕ್ಸಲ್‌ಗಲ್ಲ. ತೆಳು ಪ್ಲೈವುಡ್, ವಿನೈಲ್ ನೆಲ ಸಾಕು. ಹಿಂದಿನ ಬಂಪರ್ ಮೇಲೆ ಸೈಕಲ್, ಪೆಟ್ಟಿಗೆ ಅಂತ ಹೇರಬೇಡಿ. ಹಿಂಭಾಗ ಚಕ್ರಕ್ಕಿಂತ ಬಹಳ ಆಚೆ ಚಾಚಿದೆ. ಅಲ್ಲಿ ಭಾರ ಹಾಕಿದರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ತೇಲಿದ ಹಾಗೆ ಆಗುತ್ತದೆ. ಎಲ್ಲ ಮುಗಿದ ಮೇಲೆ ನೀರು, ಪೆಟ್ರೋಲು, ಜನ ತುಂಬಿಸಿಕೊಂಡು ಟ್ರಕ್ ಸ್ಟಾಪಿನ ತೂಕದ ಕಟ್ಟೆಗೆ ಹೋಗಿ ತೂಗಿಸಿ.

ಮೊದಲ ಪ್ರವಾಸ ಹತ್ತಿರದ್ದೇ ಇರಲಿ. ಸ್ವಲ್ಪ ದೂರ ಹೋದಮೇಲೆ ನಿಲ್ಲಿಸಿ ನಾಲ್ಕೂ ಹಬ್‌ಗಳ ಹತ್ತಿರ ಕೈ ಹಿಡಿದು ನೋಡಿ. ಒಂದೇ ಒಂದು ಬಹಳ ಬಿಸಿಯಾಗಿದ್ದರೆ ಬೇರಿಂಗ್ ಅಥವಾ ಬ್ರೇಕ್ ಹಿಡಿಯುತ್ತಿದೆ.

ಗಾಡಿ ನಿಲ್ಲಿಸಿಡುವಾಗ ನೀಲಿ ಟಾರ್ಪಾಲ್ ಹೊದಿಸಬೇಡಿ, ಒಳಗೆ ಬೆವರುತ್ತದೆ. ಗಾಳಿಯಾಡುವ ಕವರ್ ಹಾಕಿ. ಆರು ತಿಂಗಳಿಗೊಮ್ಮೆ ಏಣಿ ಹಾಕಿ ಚಾವಣಿಯ ಸೀಲಂಟ್ ನೋಡಿ, ಬಿರುಕು ಬಿಟ್ಟ ಕಡೆ ಮತ್ತೆ ಹಚ್ಚಿ. ಮೇಲೆ ಹತ್ತಲೇಬೇಕಾದರೆ ಅಗಲದ ಹಲಗೆ ಹಾಕಿ ಅದರ ಮೇಲೆ ಮಂಡಿಯೂರಿ. ಸೀದಾ ಕಾಲಿಟ್ಟರೆ ಹೊಸ ಸಂದು ನೀವೇ ಮಾಡಿದ ಹಾಗೆ.