ಬಾಲ್ಕನಿಯ ಮೆಣಸಿನ ಗಿಡ: ಮೊದಲು ಚೊಂಬು ಕೆಳಗಿಡಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ವರ್ಷ ಸತ್ತ ಮೆಣಸಿನ ಗಿಡಗಳಲ್ಲಿ ಬಿಸಿಲಿಗೆ ಬಾಡಿ ಸತ್ತದ್ದು ನಾನು ಒಂದನ್ನೂ ಕಾಣಲಿಲ್ಲ. ಎಲ್ಲವೂ ನೀರು ಕುಡಿದೇ ಸತ್ತವು.

ಬಾಲ್ಕನಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದಿದ್ದರೆ ಮೆಣಸಿನ ಆಸೆ ಬಿಟ್ಟು ದೊಡ್ಡಪತ್ರೆ ಬೆಳೆಸಿ. ಬೀಳುವುದಾದರೆ ಮುಂದೆ ಓದಿ.

ಅಡುಗೆಮನೆಯ ಡಬ್ಬಿಯಲ್ಲಿರುವ ಬ್ಯಾಡಗಿಯ ಬೀಜ ಉದುರಿಸುವವರೇ ಹೆಚ್ಚು. ಮೊಳೆತರೂ ಮೊಳೆಯಬಹುದು, ಆದರೆ ಬ್ಯಾಡಗಿ ಬಣ್ಣಕ್ಕೆ ಹೆಸರಾದದ್ದು. ಒಗ್ಗರಣೆಯ ಖಾರಕ್ಕೆ ಸಾಲದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳಿವೆ, ಅವನ್ನು ತನ್ನಿ. ಅವುಗಳಲ್ಲಿ ಅರ್ಕಾ ಮೇಘನಾ ಸಂಕರ ತಳಿ, ಅದರ ಹಣ್ಣಿನಿಂದ ಬೀಜ ತೆಗೆದಿಟ್ಟರೆ ಮುಂದಿನ ಸಲ ಅದೇ ಗಿಡ ಬರುವುದಿಲ್ಲ. ಬೀಜವನ್ನು ಕಾಲು ಇಂಚು ಆಳಕ್ಕೆ ಹಾಕಿ. ಸಸಿಗೆ ಐದಾರು ಎಲೆ ಬಂದ ಮೇಲೆ 12 ಇಂಚಿನ ಕುಂಡಕ್ಕೆ ಒಂದೇ ಒಂದನ್ನು ನೆಡಿ.

ಕುಂಡಕ್ಕೆ ಕೆಂಪು ಮಣ್ಣು, ಎರೆಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಪಾಲು. ಅಗ್ಗದ ಕೋಕೋಪೀಟ್ ಇಟ್ಟಿಗೆಗಳಲ್ಲಿ ಉಪ್ಪಿನಂಶ ಉಳಿದಿರುತ್ತದೆ. ಎರಡು ಸಲ ನೆನೆಸಿ, ಹಿಂಡಿ, ನೀರು ಚೆಲ್ಲಿ. ತಳಕ್ಕೆ ಜಲ್ಲಿ ಹಾಕಬೇಡಿ. ಅದರಿಂದ ನೀರು ಚೆನ್ನಾಗಿ ಬಸಿಯುತ್ತದೆ ಎನ್ನುವುದು ಸುಳ್ಳು, ಬೇರಿನ ಜಾಗ ಹಾಳು.

ಇನ್ನು ನೀರು. ಕೋಕೋಪೀಟ್ ಬೆರೆಸಿದ ಮಣ್ಣಿನ ಮೇಲ್ಮೈ ಬೇಗ ಒಣಗಿ ತಿಳಿಬಣ್ಣಕ್ಕೆ ತಿರುಗುತ್ತದೆ, ಒಳಗೆ ಇನ್ನೂ ಒದ್ದೆಯಿರುತ್ತದೆ. ಅದನ್ನು ನೋಡಿ ಮೋಸಹೋಗಿ ದಿನಾ ಬೆಳಿಗ್ಗೆ ಒಂದು ಚೊಂಬು ಸುರಿಯುತ್ತಾರೆ. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ತೂರಿಸಿ. ತೇವ ತಗುಲಿದರೆ ಚೊಂಬು ಕೆಳಗಿಡಿ. ಒಣಗಿದ್ದರೆ ತಳದ ತೂತಿನಿಂದ ಹರಿಯುವಷ್ಟು ಹಾಕಿ, ಮತ್ತೆ ಒಣಗುವವರೆಗೆ ಮುಟ್ಟಬೇಡಿ. ದಿನಾ ಗುಟುಕು ಗುಟುಕಾಗಿ ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ. ಕುಂಡವನ್ನು ಎತ್ತಿ ನೋಡುವುದು ಇನ್ನೂ ಒಳ್ಳೆಯದು, ಒಂದು ವಾರದಲ್ಲಿ ಅದರ ತೂಕ ಕೈಗೇ ಗೊತ್ತಾಗುತ್ತದೆ.

ಏಪ್ರಿಲ್ ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿಯಾಗಬೇಡಿ. ಸಂಜೆ ನೋಡಿ. ಎದ್ದು ನಿಂತಿದ್ದರೆ ಅದು ಬಿಸಿಲಿಗೆ ತಲೆ ತಗ್ಗಿಸಿತ್ತು, ಅಷ್ಟೇ. ಬೆಳಿಗ್ಗೆಯೂ ಜೋತಿದ್ದು ಮಣ್ಣು ಹಸಿಯಾಗಿದ್ದರೆ ಬೇರು ಕೊಳೆಯುತ್ತಿದೆ. ಆಗ ಇನ್ನಷ್ಟು ನೀರು ಹಾಕಿದರೆ ಕೊಂದಂತೆಯೇ.

ಕೆಳಗಿನ ಮನೆಯವರ ಒಗೆದ ಬಟ್ಟೆಯ ಮೇಲೆ ಕೆಂಪು ನೀರು ಬಿದ್ದು ಒಮ್ಮೆ ಜಗಳವಾದ ಮೇಲೆ ಎಲ್ಲರೂ ಕುಂಡದಡಿ ತಟ್ಟೆ ಇಡುತ್ತಾರೆ. ನಾನೂ ಇಟ್ಟೆ. ಆದರೆ ಅದರಲ್ಲಿ ನೀರು ನಿಂತರೆ ಕಥೆ ಮುಗಿಯಿತು. ತಟ್ಟೆಯಲ್ಲಿ ಇಟ್ಟಿಗೆ ಚೂರುಗಳನ್ನಿಟ್ಟು ಅದರ ಮೇಲೆ ಕುಂಡವನ್ನು ಕೂರಿಸಿ, ಅರ್ಧ ಗಂಟೆಯ ಮೇಲೆ ತಟ್ಟೆಯ ನೀರು ಚೆಲ್ಲಿ.

ಎಲೆ ಮೇಲಕ್ಕೆ ದೋಣಿಯಂತೆ ಮುದುಡಿದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಮುದುಡಿದರೆ ಮೈಟ್ ನುಸಿ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಮೇಲ್ಭಾಗಕ್ಕೆ ಮಾತ್ರ ಹೊಡೆದರೆ ಎಣ್ಣೆ ದಂಡ.

ಹೂ ಬಿಟ್ಟಾಗ ಪರಾಗ ಉದುರಿ ಕಾಯಿ ಕಟ್ಟಲೆಂದು ಬೆಳಿಗ್ಗೆ ಕಾಂಡವನ್ನು ಮೆಲ್ಲಗೆ ತಟ್ಟಿ. ಕಾಯಿಯನ್ನು ಎಳೆದು ಕೀಳಬೇಡಿ, ರೆಂಬೆಯೇ ಮುರಿದು ಬರುತ್ತದೆ. ತೊಟ್ಟಿನ ಸಮೇತ ಕತ್ತರಿಯಿಂದ ಕತ್ತರಿಸಿ.