ಪುಟ್ಟ ಮಕ್ಕಳ ಮನೇಲಿ ಸಕ್ಕರೆ ಅಚ್ಚು: ಪಾಕ ಕೆಡದ ಹಾಗೆ, ಕೈ ಸುಡದ ಹಾಗೆ

ಪ್ರತಿ ವರ್ಷ ಸಂಕ್ರಾಂತಿ ಹತ್ರ, ಜನವರಿ 12, 13ನೇ ತಾರೀಕು ಬಂತು ಅಂದ್ರೆ ನಮ್ಮಕ್ಕನ ಫೋನ್ ಬರತ್ತೆ. "ಲೋ, ಪಾಕ ಪಾತ್ರೇಲೇ ಗಟ್ಟಿಯಾಗೋಯ್ತು ಕಣೋ, ಸೌಟು ಒಳಗೇ ಸಿಕ್ಕಾಕ್ಕೊಂಡಿದೆ." ಇನ್ನೊಂದು ವರ್ಷ ಉಲ್ಟಾ, ಅಚ್ಚು ಬಿಚ್ಚಿದ್ರೆ ಆನೆ ಬದ್ಲು ಬರೀ ಅಂಟು. ಹಿಂದ್ಗಡೆ ಅವಳ ಇಬ್ರು ಮಕ್ಕಳು "ಅಮ್ಮಾ ನಂಗೆ ಕುದುರೆ, ಅಮ್ಮಾ ನಂಗೆ ಗಿಳಿ" ಅಂತ ಕಿರುಚ್ತಿರ್ತಾರೆ, ಇವಳು ಒಂದು ಕೈಲಿ ಫೋನು ಒಂದು ಕೈಲಿ ಕುದಿಯೋ ಸಕ್ಕರೆ ಹಿಡ್ಕೊಂಡು ನಿಂತಿರ್ತಾಳೆ. ಇವಳೊಬ್ಬಳೇ ಅಲ್ಲ, ನಮ್ಮ ಬಿಲ್ಡಿಂಗಲ್ಲೂ ವರ್ಷಕ್ಕೆ ಎರಡು ಮೂರು ಮನೇಲಿ ಇದೇ ಕಥೆ, ಕೊನೆಗೆ ಹಬ್ಬದ ಹಿಂದಿನ ಸಂಜೆ ಅಂಗಡಿಗೆ ಓಡಿ ಪ್ಯಾಕೆಟ್ ಅಚ್ಚು ತರೋದು.

ನಮ್ಮನೇಲಿ ಪಾಕದ ಡ್ಯೂಟಿ ನಂದು. ಅಮ್ಮನ ಹತ್ರ ಕಲಿತಿದ್ದು. ನಮ್ಮ ಮಕ್ಕಳಿಗೆ ಈಗ 3 ಮತ್ತು 6 ವರ್ಷ, ಅಂದ್ರೆ ಅಡುಗೆಮನೇಲಿ ಎಲ್ಲಾ ಮುಟ್ಟೋ ವಯಸ್ಸು ಒಂದು, ಎಲ್ಲಾ ಪ್ರಶ್ನೆ ಕೇಳೋ ವಯಸ್ಸು ಒಂದು. ಅದಕ್ಕೇ ಈ ಲೇಖನ ಮಕ್ಕಳಿರೋ ಮನೆಯ ಲೆಕ್ಕದಲ್ಲೇ ಬರೀತಿದೀನಿ.

ಹಂತ 1: ದಿನ ನೋಡ್ಕೊಳೋದು

ಹಬ್ಬದ ಹಿಂದಿನ ದಿನ ಅಚ್ಚು ಮಾಡಕ್ಕೆ ಕೂರಲೇಬೇಡಿ. ಸಕ್ಕರೆ ಅಚ್ಚು ಡಬ್ಬಿಗೆ ಹಾಕಿ ಮುಚ್ಚಿಟ್ರೆ ವಾರಗಟ್ಲೆ ಏನೂ ಆಗಲ್ಲ, ಹಬ್ಬಕ್ಕಿಂತ ಮುಂಚಿನ ಭಾನುವಾರ ಮಾಡಿ ಮುಗಿಸಿ. ಅವತ್ತು ಮನೇಲಿ ಇನ್ನೊಬ್ರು ದೊಡ್ಡೋರು ಇರ್ಬೇಕು. ಒಬ್ಬರೇ ಇದ್ದು ಪುಟ್ಟ ಮಗುನೂ ನೋಡ್ಕೊಂಡು ಪಾಕನೂ ನೋಡ್ಕೋತೀನಿ ಅನ್ನೋದು ಆಗದ ಮಾತು, ಎರಡರಲ್ಲಿ ಒಂದು ಕೆಡತ್ತೆ.

ಹಂತ 2: ಅಚ್ಚು

ಮರದ್ದೇ ತಗೊಳಿ. ಡಿಸೆಂಬರ್ ಕೊನೆ ಹೊತ್ತಿಗೆ ಬೆಂಗಳೂರಿನ ಗಾಂಧಿ ಬಜಾರಲ್ಲಿ, ಮಲ್ಲೇಶ್ವರದ 8ನೇ ಕ್ರಾಸಲ್ಲಿ ಹುಡುಕಿದ್ರೆ ಸಿಗತ್ತೆ, ಮೈಸೂರು ಕಡೆಯವರಿಗೆ ಅಜ್ಜಿ ಮನೆ ಅಟ್ಟದ ಮೇಲೇ ಇರತ್ತೆ, ಕೇಳಿ ನೋಡಿ. ತಗೊಳೋವಾಗ ಎರಡೂ ಭಾಗ ಸೇರಿಸಿ ಬೆಳಕಿಗೆ ಹಿಡೀರಿ, ಸಂದಿಯಿಂದ ಬೆಳಕು ಕಂಡ್ರೆ ಅದು ಸೋರತ್ತೆ, ವಾಪಸ್ ಇಡಿ. ಸಿಲಿಕೋನ್ ಮೋಲ್ಡ್ ಸುಲಭ ಅಂತ ಎಲ್ರೂ ಹೇಳ್ತಾರೆ, ಸುಲಭ ಹೌದು, ಆದ್ರೆ ಒಂದೇ ಕಡೆ ಆಕಾರ ಬರತ್ತೆ, ಹಿಂದೆ ಚಪ್ಪಟೆ. ಬೆನ್ನಿಲ್ಲದ ಬಸವ ಯಾರಿಗೆ ಬೇಕು? ಚಾಕೊಲೇಟ್ ಮಾಡೋ ತೆಳು ಪ್ಲಾಸ್ಟಿಕ್ ಮೋಲ್ಡ್ ಅಂತೂ ಬೇಡವೇ ಬೇಡ, ಬಿಸಿ ಪಾಕ ಬಿದ್ದ ತಕ್ಷಣ ಸೊಟ್ಟಗಾಗತ್ತೆ.

ಮರದ ಅಚ್ಚನ್ನ ಹಿಂದಿನ ರಾತ್ರಿನೇ ನೀರಲ್ಲಿ ಮುಳುಗಿಸಿಡಿ. ಇದು ಬಿಟ್ಟವರ ಅಚ್ಚು ಬಿಟ್ಟು ಬರಲ್ಲ. ಒಣ ಮರ ಪಾಕನ ಹೀರ್ಕೊಂಡು ಕಚ್ಕೊಳತ್ತೆ, ನೆಂದ ಮರ ಕಚ್ಕೊಳಲ್ಲ, ಅಷ್ಟೇ. ಎಣ್ಣೆ ತುಪ್ಪ ಸವರೋದು ಬೇಡ, ಅಚ್ಚು ಹಳದಿ ಆಗತ್ತೆ ಮತ್ತೆ ನಾಲ್ಕು ದಿನಕ್ಕೆ ಒಂಥರಾ ವಾಸನೆ ಬರತ್ತೆ.

ಹಂತ 3: ಸಕ್ಕರೆ ಕೊಳೆ ತೆಗೆಯೋದು (ಮಕ್ಕಳು ಮಲಗಿದ ಮೇಲೆ)

ಅರ್ಧ ಕೆಜಿ ಸಕ್ಕರೆಗೆ ಅದು ಮುಳುಗೋಷ್ಟು ನೀರು ಹಾಕಿ ಕುದಿಸಿ, ಕುದಿ ಬಂದಾಗ ಎರಡು ಚಮಚ ಹಾಲು ಹಾಕಿ, ನೊರೆ ಜೊತೆ ಕೊಳೆ ಮೇಲೆ ಬರತ್ತೆ, ತೆಗೆದು, ಒದ್ದೆ ಮಾಡಿದ ತೆಳು ಪಂಚೆ ಬಟ್ಟೇಲಿ ಸೋಸಿ ಮುಚ್ಚಿಡಿ. ನಮ್ಮ ಸಣ್ಣ ಅಚ್ಚುಗಳಲ್ಲಿ ಇಷ್ಟಕ್ಕೆ 25-30 ಬರತ್ತೆ.

ಕೆಲವರು ಈ ಹಂತದಲ್ಲಿ ನಿಂಬೆಹಣ್ಣು ಹಿಂಡ್ತಾರೆ. ಎರಡು ಹನಿ ಆದ್ರೆ ಪರವಾಗಿಲ್ಲ, ನಮ್ಮಕ್ಕ ಆ ಅಂಟು ವರ್ಷ ಅರ್ಧ ಹೋಳು ಹಿಂಡಿದ್ಲು. ಹುಳಿ ಹಾಕಿ ಕುದಿಸಿದ್ರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗತ್ತೆ, ಅವೆರಡೂ ಸೇರ್ಕೊಂಡು ಉಳಿದ ಸಕ್ಕರೇನ ಹರಳು ಕಟ್ಟಕ್ಕೆ ಬಿಡಲ್ಲ. ಜಾಮೂನ್ ಪಾಕಕ್ಕೆ ನಿಂಬೆ ಹಾಕೋದು ಇದೇ ಕಾರಣಕ್ಕೆ, ಅಲ್ಲಿ ಹರಳು ಕಟ್ಬಾರ್ದು. ಇಲ್ಲಿ ನಮಗೆ ಬೇಕಾಗಿರೋದೇ ಹರಳು ಕಟ್ಟೋದು. ನಾನು ನಿಂಬೆ ಮುಟ್ಟೋದೇ ಇಲ್ಲ.

ಹಂತ 4: ಮಕ್ಕಳನ್ನ ಕೂರಿಸೋದು

ಬೆಳಿಗ್ಗೆ ತಿಂಡಿ ಆದ್ಮೇಲೆ. ಹೊಟ್ಟೆ ತುಂಬಿರ್ಬೇಕು, ಇದು ಮುಖ್ಯ. ಅಡುಗೆಮನೆ ಹೊಸ್ತಿಲಿಗೆ ಅಡ್ಡವಾಗಿ ನಾವು ಒಂದು ಬೆಂಚ್ ಹಾಕ್ತೀವಿ, ಅದರ ಆಚೆ ಮಕ್ಕಳು, ಈಚೆ ನಾನು. "ಮಗು ಸ್ಟೂಲ್ ಮೇಲೆ ನಿಂತು ದೂರದಿಂದ ನೋಡ್ಲಿ ಬಿಡಿ" ಅಂತ ನಮ್ಮತ್ತೆ ಹೇಳ್ತಾರೆ, ನಾನು ಒಪ್ಪಲ್ಲ. ನೀರು ಬಿದ್ರೆ ಜಾರಿ ಹೋಗತ್ತೆ, ಪಾಕ ಹಾಗಲ್ಲ, ನೀರಿಗಿಂತ ಜಾಸ್ತಿ ಬಿಸಿ ಇರತ್ತೆ, ಮೇಲಿಂದ ಚರ್ಮಕ್ಕೆ ಅಂಟ್ಕೊಂಡು ಅಲ್ಲೇ ಇರತ್ತೆ. ಅಕಸ್ಮಾತ್ ಯಾರ ಕೈ ಮೇಲಾದ್ರೂ ಬಿದ್ರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡೀಬೇಕು, ಗಡಿಯಾರ ನೋಡ್ಕೊಂಡು. ಟೂತ್‌ಪೇಸ್ಟ್, ಬೆಣ್ಣೆ, ಐಸು ಯಾವುದೂ ಬೇಡ. ಗುಳ್ಳೆ ಎದ್ರೆ, ಅದ್ರಲ್ಲೂ ಮಗುಗೆ ಆದ್ರೆ, ಡಾಕ್ಟ್ರ ಹತ್ರ ಹೋಗೋದೇ.

ಬೆಂಚಿನ ಆಚೆ ಅವರಿಗೆ ನಿಜವಾದ ಕೆಲಸ ಕೊಡಿ, ಸುಮ್ನೆ ಕೂತ್ಕೋ ಅಂದ್ರೆ ಐದು ನಿಮಿಷ. ನಮ್ಮ ದೊಡ್ಡವಳು ನೆಂದ ಅಚ್ಚನ್ನ ಒರೆಸಿ, ಜೋಡಿ ಹುಡುಕಿ, ರಬ್ಬರ್ ಬ್ಯಾಂಡ್ ಹಾಕ್ತಾಳೆ, ಒಂದಕ್ಕೆ ಎರಡು ಬ್ಯಾಂಡು. ಆನೆ ಮುಂಭಾಗಕ್ಕೆ ಕುದುರೆ ಹಿಂಭಾಗ ಸೇರಿಸಿ ಒಂದ್ಸಲ ಕೊಟ್ಟಿದ್ಲು, ನಾನು ನೋಡದೆ ಸುರಿದೆ, ಏನೋ ಒಂದು ಪ್ರಾಣಿ ಬಂತು, ಅದನ್ನ ಯಾರಿಗೂ ಬೀರಕ್ಕೆ ಬಿಡಲಿಲ್ಲ ಅವಳು. ಚಿಕ್ಕವನಿಗೆ ಖಾಲಿ ಡಬ್ಬಿ ಮುಚ್ಚಳ ಹಾಕಿ ತೆಗೆಯೋ ಕೆಲಸ.

ಹಂತ 5: ಪಾಕ

ಈಗ ಬಂದ್ವಿ ನೋಡಿ ಎಲ್ರೂ ಎಡವೋ ಜಾಗಕ್ಕೆ.

ಮೊದಲ್ನೇ ತಪ್ಪು, ಎಲ್ಲಾ ಪಾಕನೂ ಒಟ್ಟಿಗೆ ಒಲೆ ಮೇಲೆ ಇಡೋದು. ನಿಮ್ಮ ಹತ್ರ ಹತ್ತು ಅಚ್ಚು ಇದ್ದು ಪಾಕ ಮೂವತ್ತಕ್ಕಾಗೋಷ್ಟು ಇದ್ರೆ ಉಳಿದದ್ದು ಪಾತ್ರೇಲೇ ಕಲ್ಲಾಗತ್ತೆ. ಒಂದ್ಸಲಕ್ಕೆ ಎರಡು ಸೌಟು, ಅಷ್ಟೇ. ಮೂರ್ನಾಲ್ಕು ಅಚ್ಚಿಗೆ ಸರಿ ಹೋಗತ್ತೆ. ತಳ ದಪ್ಪ ಇರೋ, ಹಿಡಿ ಇರೋ, ಸುರಿಯಕ್ಕೆ ಸಣ್ಣ ಮೂತಿ ಇರೋ ಪುಟ್ಟ ಪಾತ್ರೆ ಬೇಕು. ಅಗಲ ಬಾಣಲೆ ಬೇಡ, ಅಂಚಲ್ಲಿ ಬೇಗ ಒಣಗಿ ಕೆಂಪಗಾಗತ್ತೆ.

ಉರಿ ಮಧ್ಯಮ. ಮೊದಲು ದೊಡ್ಡ ದೊಡ್ಡ ಗುಳ್ಳೆ, ಪಟಪಟ ಒಡೀತಿರತ್ತೆ, ಅಲ್ಲೀವರೆಗೆ ಇನ್ನೂ ನೀರಿದೆ ಅಂತ ಅರ್ಥ. ಆಮೇಲೆ ಗುಳ್ಳೆ ಸಣ್ಣಗಾಗಿ ಒತ್ತೊತ್ತಾಗಿ ಬರತ್ತೆ, ಸದ್ದೂ ಬದಲಾಗತ್ತೆ, ಪಟಪಟ ಹೋಗಿ ಒಂಥರಾ ಗೊಜಗೊಜ ಅನ್ನತ್ತೆ. ಇಲ್ಲಿಂದ ಕಣ್ಣು ಕೀಳ್ಬಾರ್ದು. ಎಲ್ಲಾ ಕಡೆ ಒಂದೆಳೆ ಪಾಕ ಅಂತ ಬರೆದಿರ್ತಾರೆ, ಬೆರಳಲ್ಲಿ ಎಳೆ ನೋಡೋದು ಅಭ್ಯಾಸ ಇದ್ದವರಿಗೆ ಮಾತ್ರ, ಹೊಸಬರು ಬೆರಳು ಸುಟ್ಕೊಳೋದೇ ಜಾಸ್ತಿ. ನನ್ನದು ತಟ್ಟೆ ಪರೀಕ್ಷೆ. ತಣ್ಣಗಿರೋ ಸ್ಟೀಲ್ ತಟ್ಟೆ ಮೇಲೆ ಒಂದು ಹನಿ ಬಿಡಿ, ಹತ್ತು ಎಣಿಸಿ, ಚಮಚದ ತುದೀಲಿ ಕಲಸಿ. ಹನಿ ಹರಡ್ಕೊಂಡು ಕನ್ನಡಿ ಥರ ಹೊಳೀತಾನೇ ಇದ್ರೆ ಆಗಿಲ್ಲ. ಬೆಳ್ಳಗೆ ತಿರುಗಿ ಸುಣ್ಣದ ಚೂರಿನ ಥರ ಎದ್ದು ಬಂದ್ರೆ ಆಯ್ತು, ಆ ಕ್ಷಣ ಒಲೆ ಆರಿಸಿ.

ಥರ್ಮಾಮೀಟರ್ ಇಟ್ಕೊಂಡಿರೋ ಬೇಕಿಂಗ್ ಮಂದಿಗೆ ಒಂದು ಮಾತು. ಪುಸ್ತಕದಲ್ಲಿ ಈ ಥರ ಪಾಕಕ್ಕೆ 112ರಿಂದ 115 ಡಿಗ್ರಿ ಅಂತ ಇರತ್ತೆ, ಅದು ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯತ್ತೆ. ಮೂರು ಡಿಗ್ರಿ ಕಳೆದು ನೋಡ್ಕೊಳಿ, ಇಲ್ಲಾಂದ್ರೆ ಮೀಟರ್ ನೋಡ್ತಾ ನೋಡ್ತಾ ಪಾಕ ಕೈ ಮೀರಿರತ್ತೆ.

ಒಲೆ ಆರಿಸಿದ ಮೇಲೇ ನಿಜವಾದ ಕೆಲಸ. ಪಾತ್ರೇನ ಕಟ್ಟೆ ಮೇಲೆ ಒದ್ದೆ ಬಟ್ಟೆ ಹಾಸಿ ಇಡಿ, ಮರದ ಚಮಚದಲ್ಲಿ ಒಂದೇ ಸಮ ತಿರುವಿ. ಮೊದಲು ಏನೂ ಆಗಲ್ಲ, ಗಾಜಿನ ಥರನೇ ಇರತ್ತೆ, ಹೊಸಬರು ಇಲ್ಲೇ ಗಾಬರಿಯಾಗಿ ಮತ್ತೆ ಒಲೆ ಹಚ್ತಾರೆ. ಹಚ್ಬೇಡಿ. ತಿರುವ್ತಾ ಇರಿ. ಸ್ವಲ್ಪ ಹೊತ್ತಿಗೆ ಗಂಜಿ ತಿಳಿ ಥರ ಮಸುಕಾಗತ್ತೆ, ಆಮೇಲೆ ಹಾಲಿನ ಥರ, ಅಷ್ಟರಲ್ಲಿ ಪಾತ್ರೆ ಅಂಚಲ್ಲಿ ತೆಳ್ಳಗೆ ಬಿಳಿ ಗೆರೆ ಕಟ್ಟಕ್ಕೆ ಶುರುವಾಗತ್ತೆ. ಆ ಗೆರೆ ಕಂಡ್ರೆ ಸುರಿಯೋದು, ಕಾಯೋದಲ್ಲ. ಹಾಲಿನ ಥರ ಆಗೋ ಮುಂಚೆ ಸುರಿದ್ರೆ ಅಂಟು, ಮೊಸರಿನ ಥರ ಆಗೋವರೆಗೆ ಕಾದ್ರೆ ಸೊಂಡಿಲ ತುದಿವರೆಗೆ ಇಳಿಯಲ್ಲ, ಆನೆ ಹಂದಿ ಆಗತ್ತೆ. ಈ ಎರಡರ ಮಧ್ಯೆ ನಿಮಗೆ ಸಿಗೋದು ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಬಾಗಿಲು ಬಡಿದ್ರೂ, ಮಗು ಸೂಸು ಅಂದ್ರೂ, ಇನ್ನೊಬ್ರು ನೋಡ್ಕೋಬೇಕು. ಇನ್ನೊಬ್ರು ಮನೇಲಿರ್ಲಿ ಅಂದಿದ್ದು ಇದಕ್ಕೇ.

ಸಣ್ಣ ಧಾರೇಲಿ ಸುರೀರಿ, ಅಚ್ಚನ್ನ ಒಂದ್ಸಲ ಮೆಲ್ಲಗೆ ಕಟ್ಟೆಗೆ ಕುಟ್ಟಿ, ಗಾಳಿ ಇದ್ರೆ ಹೋಗತ್ತೆ. ಸಂದೀಲಿ ಸೋರಿದ್ರೆ ಚಪಾತಿ ಹಿಟ್ಟು ಮೆತ್ತಿ.

ಕೆಟ್ರೆ? ಸಕ್ಕರೆ ತಾನೇ, ಎಸೀಬೇಡಿ. ಪಾತ್ರೇಲಿ ಗಟ್ಟಿಯಾದ್ರೂ ಅಷ್ಟೇ, ಅಂಟಾದ್ರೂ ಅಷ್ಟೇ, ಅರ್ಧ ಲೋಟ ನೀರು ಹಾಕಿ ಪೂರ್ತಿ ಕರಗಿಸಿ ಮೊದಲಿಂದ ಕುದಿಸಿ. ಪಾಕ ಗಟ್ಟಿಯಾದಾಗೆಲ್ಲ ಅಕ್ಕನಿಗೆ ಫೋನಲ್ಲಿ ನಾನು ಹೇಳೋದು ಇದನ್ನೇ, ಸೌಟು ಸಮೇತ ನೀರು ಹಾಕಿ ಒಲೆ ಮೇಲಿಡು ಅಂತ. ನಿಂಬೆ ಜಾಸ್ತಿ ಬಿದ್ದಿರೋದು ಮತ್ತೆ ಕೆಂಪಗಾಗಿರೋದು ಮಾತ್ರ ರಿಪೇರಿ ಆಗಲ್ಲ, ಅದು ಪಾಯಸಕ್ಕೆ, ಶರಬತ್ತಿಗೆ.

ಬಣ್ಣ ಹಾಕ್ಬೇಡಿ. ಅಂಗಡೀಲಿ ಸಿಗೋ ಗುಲಾಬಿ, ಹಸಿರು ಅಚ್ಚು ನೆಕ್ಕಿದ ಮಗು ನಾಲಿಗೆ ಸಂಜೆವರೆಗೆ ಅದೇ ಬಣ್ಣ ಇರತ್ತೆ, ನೋಡಿದ್ರೇ ಭಯ ಆಗತ್ತೆ. ಅಚ್ಚು ಅಂದ್ರೆ ಬೆಳ್ಳಗಿರ್ಬೇಕು.

ಹಂತ 6: ಬಿಚ್ಚೋದು

ಐದು ನಿಮಿಷ ಬಿಡಿ, ಮರದ ಹೊರಗೆ ಮುಟ್ಟಿ ನೋಡಿ, ಬಿಸಿ ಆರಿದ್ರೆ ಬೆಂಚಿನ ಆಚೆ ದಾಟಿಸಿ. ಬಿಚ್ಚೋದು ಪೂರ್ತಿ ಮಕ್ಕಳ ಕೆಲಸ, ಇದನ್ನ ಅವರಿಂದ ಕಿತ್ಕೋಬೇಡಿ. ರಬ್ಬರ್ ಬ್ಯಾಂಡ್ ತೆಗೆದು, ಎರಡು ಹೋಳನ್ನ ಪಕ್ಕಕ್ಕೆ ಎಳೀಬೇಕು, ಮೇಲಕ್ಕಲ್ಲ, ಇಷ್ಟು ಹೇಳಿಕೊಟ್ರೆ ಸಾಕು. ಕಿವಿ ಮುರಿಯತ್ತೆ, ಬಾಲ ಮುರಿಯತ್ತೆ, ಮುರೀಲಿ. ನಮ್ಮ ಚಿಕ್ಕವನು ಹೋದ ವರ್ಷ ಒಂದು ಕಿವಿ ಇಲ್ಲದ ಕುದುರೇನ ಕೈಲಿ ಇಟ್ಕೊಂಡು ಮಧ್ಯಾಹ್ನ ಪೂರ್ತಿ ಓಡಾಡಿದ, ನಿದ್ದೆ ಮಾಡೋ ಹೊತ್ತಿಗೆ ಕುದುರೆ ಕರಗಿ ನಾಯಿಮರಿ ಆಗಿತ್ತು, ದಿಂಬಿಗೆಲ್ಲಾ ಇರುವೆ. ಹಾಗಾಗಿ ತಲಾ ಒಂದು ಅಂತ ಮೊದಲೇ ಒಪ್ಪಂದ ಮಾಡ್ಕೊಳಿ, ಉಳಿದದ್ದು ಎಣಿಸಿ ಡಬ್ಬಿಗೆ. ಅಡಿಭಾಗದ ಒರಟನ್ನ ಚಾಕೂಲಿ ಕೆರೆಯೋದು ದೊಡ್ಡೋರ ಕೆಲಸ.

ಹಂತ 7: ಎಳ್ಳು ಬೆಲ್ಲ

ಕೊಬ್ಬರಿ ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಿ ಎರಡು ದಿನ ಬಿಸಿಲಿಗೆ, ಬೆಲ್ಲನೂ ಹಾಗೇ, ಕಡಲೆಬೀಜ ಹುರಿದು ಸಿಪ್ಪೆ ತೆಗೆದು ಹೋಳು ಮಾಡಿ, ಹುರಿಗಡಲೆ, ಹುರಿದ ಬಿಳಿ ಎಳ್ಳು, ಕಲಸಿ. ಕಡಲೆಬೀಜದ ಸಿಪ್ಪೆ ಊದೋ ಕೆಲಸ ಮಕ್ಕಳಿಗೆ ಕೊಟ್ರೆ ಮನೆ ತುಂಬಾ ಸಿಪ್ಪೆ, ಆದ್ರೂ ಕೊಡಿ.

ಒಂದು ವಿಷಯ ಮಾತ್ರ ಹಗುರವಾಗಿ ತಗೋಬೇಡಿ. ನಾಲ್ಕೈದು ವರ್ಷದೊಳಗಿನ ಮಗುಗೆ ಎಳ್ಳು ಬೆಲ್ಲನ ಹಾಗೇ ಬಾಯಿಗೆ ಹಾಕ್ಬಾರ್ದು. ಕಡಲೆಬೀಜ, ಕೊಬ್ಬರಿ ಚೂರು ಗಂಟಲಲ್ಲಿ ಸಿಕ್ಕಾಕ್ಕೊಳೋದು ಈ ವಯಸ್ಸಲ್ಲೇ, ಅದ್ರಲ್ಲೂ ಓಡ್ತಾ ನಗ್ತಾ ತಿಂದ್ರೆ. ಮಿಕ್ಸೀಲಿ ಒಂದು ಸುತ್ತು ತಿರುಗಿಸಿ ಪುಡಿ ಮಾಡಿ ಚಮಚದಲ್ಲಿ ಕೊಡಿ, ರುಚಿ ಅದೇ. ಬೀರಕ್ಕೆ ಹೋದಾಗ ಪ್ರತಿ ಮನೇಲೂ ಪ್ರೀತಿಯಿಂದ ಒಂದು ಹಿಡಿ ಬಾಯಿಗೆ ತುರುಕಕ್ಕೆ ಬರ್ತಾರೆ, "ಮನೆಗೆ ಹೋಗಿ ತಿಂತಾನೆ ಆಂಟಿ" ಅಂತ ಕೈಗೆ ಈಸ್ಕೊಳಿ. ಸಂಜೆ ಕರಿ ಎರೆಯೋವಾಗ್ಲೂ (ಮಗು ತಲೆ ಮೇಲೆ ಎಲಚಿ ಹಣ್ಣು, ಕಾಸು ಸುರಿದು ಆರತಿ ಮಾಡೋ ಶಾಸ್ತ್ರ) ಅಷ್ಟೇ, ತಲೆ ಮೇಲಿಂದ ಬಿದ್ದ ಎಲಚಿ ಹಣ್ಣು, ಚಿಲ್ಲರೆ ಕಾಸು ಎಲ್ಲಾ ಮಗು ಕೈಗೆ ಸಿಗೋ ಹಾಗೆ ಮಡಿಲಲ್ಲೇ ಇರತ್ತೆ, ಆರತಿ ಹಾಡು ಮುಗಿಯೋದ್ರೊಳಗೆ ಒಂದಾದ್ರೂ ಬಾಯಿಗೆ ಹೋಗಿರತ್ತೆ. ಕಾಸು ಹಾಕಲೇಬೇಕು ಅಂತ ಹಿರಿಯರು ಅಂದ್ರೆ ದೊಡ್ಡ ಸೇರಲ್ಲಿ ಬರೀ ಹೂವು, ಕಬ್ಬು ಎರೆದು, ಕಾಸನ್ನ ಪಕ್ಕದ ತಟ್ಟೇಲಿಡಿ. ನಮ್ಮತ್ತೆ ಇದೊಂದಕ್ಕೆ ಮಾತ್ರ ಹೂಂ ಅಂದ್ರು.

ಹಂತ 8: ಎತ್ತಿಡೋದು

ಅಚ್ಚನ್ನ ಬಿಸಿನೀರಲ್ಲಿ ತೊಳೆದು, ಸೋಪು ಹಾಕ್ದೆ, ನೆರಳಲ್ಲಿ ಒಣಗಿಸಿ, ಹಳೇ ಹತ್ತಿ ಬಟ್ಟೇಲಿ ಸುತ್ತಿಡಿ. ಬಿಸಿಲಿಗಿಟ್ರೆ ಮರ ಬಿರಿಯತ್ತೆ. ರಬ್ಬರ್ ಬ್ಯಾಂಡ್ ಹಾಕಿದ ಹಾಗೇ ಎತ್ತಿಡ್ಬೇಡಿ, ಮುಂದಿನ ಜನವರಿ ಹೊತ್ತಿಗೆ ಅದು ಮೆತ್ತಗಾಗಿ ಮರಕ್ಕೆ ಅಂಟ್ಕೊಂಡಿರತ್ತೆ. ಚಾಕೂಲಿ ಕೆರೆಯಕ್ಕೆ ಹೋಗಿ ನಮ್ಮಜ್ಜಿ ಕಾಲದ ಆನೆ ಅಚ್ಚಿನ ಸೊಂಡಿಲು ಹಾಳು ಮಾಡಿದ್ದು ನಾನೇ, ಈಗ ಅದರಲ್ಲಿ ಏನು ಸುರಿದ್ರೂ ಮೊಂಡು ಮೂತಿನೇ ಬರೋದು.