ಲೀಲ್‌ಗೆ ಹೋಗುವುದಾದರೆ ಶನಿವಾರವೇ ಹೋಗಿ

ಪ್ಯಾರಿಸ್‌ಗೆ ಹೊರಟ ನಮ್ಮ ಡೊಂಬಿವಲಿ, ಮಾಟುಂಗಾ ಕಡೆಯ ಕನ್ನಡದವರು ಕೇಳಿದಾಗಲೆಲ್ಲ ನಾನು ಹೇಳುವುದಿಷ್ಟೇ: ಒಂದು ಶನಿವಾರ, ಭಾನುವಾರ ಉತ್ತರ ಫ್ರಾನ್ಸಿನ ಲೀಲ್ ಊರಿಗೆ ಕೊಡಿ. ಪ್ಯಾರಿಸ್ ಊರೊಳಗೆ ಕಾಲಿಡಬೇಕೆಂದೂ ಇಲ್ಲ. ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದ ಟರ್ಮಿನಲ್ 2ರಲ್ಲೇ ರೈಲ್ವೆ ಸ್ಟೇಷನ್ ಇದೆ. ನೇರ ಟಿಜಿವಿ, ಅಂದರೆ ಫ್ರಾನ್ಸಿನ ಅತಿವೇಗದ ರೈಲು, ಹತ್ತಿದರೆ ಸುಮಾರು ಒಂದು ಗಂಟೆಯ ದಾರಿ. ವಿಮಾನ ತಡವಾದೀತು, ನಡುವೆ ಮೂರು ಗಂಟೆಯಾದರೂ ಬಿಟ್ಟು ಟಿಕೆಟ್ ತೆಗೆಯಿರಿ.

ಶನಿವಾರ ಮಧ್ಯಾಹ್ನ ಮೊದಲು ಗ್ರಾಂಡ್ ಪ್ಲಾಸ್ ಚೌಕ. ಅಲ್ಲಿನ ವಿಯೇ ಬೂರ್ಸ್ ಎಂಬ ಹಳೆ ವಿನಿಮಯ ಕಟ್ಟಡ 1653ರದು, ವ್ಯಾಪಾರಿಗಳಿಗೆಂದು ಒಂದೇ ಅಂಗಳದ ಸುತ್ತ ಕಟ್ಟಿದ 24 ಮನೆಗಳ ಸಾಲು. ಒಳಗಿನ ಕಮಾನುಗಳ ಕೆಳಗೆ ಹಳೆ ಪುಸ್ತಕ, ಪೋಸ್ಟರು, ಪೋಸ್ಟ್‌ಕಾರ್ಡು ಹರಡಿಕೊಂಡು ಕೂತಿರುತ್ತಾರೆ. ಪಕ್ಕದಲ್ಲೇ ಚದುರಂಗ ನಡೆದಿರುತ್ತದೆ. ನಿಮಗೆ ಫ್ರೆಂಚ್ ಬರದಿದ್ದರೂ ಪೋಸ್ಟ್‌ಕಾರ್ಡಿನ ಡಬ್ಬಿಗಳನ್ನು ನಿಧಾನವಾಗಿ ತಿರುವಿ ನೋಡಿ, ಯಾರೋ ಯಾರಿಗೋ ಬರೆದು ಕಳಿಸಿದವೂ ಸಿಗುತ್ತವೆ. ಸೋಮವಾರ ಇದೆಲ್ಲ ಇರುವುದಿಲ್ಲ. ಹೊರಗೆ ಬಂದ ಮೇಲೆ ಆಸುಪಾಸಿನ ಹಳೆ ಮನೆಗಳ ಗೋಡೆಯತ್ತ ಕತ್ತೆತ್ತಿ ನೋಡಿ. 1792ರಲ್ಲಿ ಆಸ್ಟ್ರಿಯನ್ನರು ಊರಿಗೆ ಮುತ್ತಿಗೆ ಹಾಕಿದ ನೆನಪಿಗೆ ಫಿರಂಗಿ ಗುಂಡುಗಳನ್ನು ಗೋಡೆಯಲ್ಲೇ ಕೂರಿಸಿದ್ದಾರೆ. ಮಕ್ಕಳಿದ್ದರೆ ಹುಡುಕಲು ಬಿಡಿ.

ಬಟ್ಟೆಬರೆ, ಉಡುಗೊರೆ ಖರೀದಿ ಅದೇ ಸಂಜೆ ಮುಗಿಸಿ. ಭಾನುವಾರ ಬಹುಪಾಲು ಅಂಗಡಿ ಮುಚ್ಚಿರುತ್ತವೆ. ಹಳೆ ಪೇಟೆಯ ಬೀದಿಗಳೆಲ್ಲ ಕಲ್ಲುಹಾಸು, ಹಿಮ್ಮಡಿ ಎತ್ತರದ ಚಪ್ಪಲಿ ಬೇಡವೇ ಬೇಡ. ಎಸ್ಕೆರ್‌ಮ್ವಾಜ್ ಬೀದಿಯ ಮೇರ್ಟ್ ಅಂಗಡಿಯಲ್ಲಿ ವೆನಿಲಾ ಹೂರಣದ ತೆಳು ಗೋಫ್ರ್ (ವೇಫಲ್) ತಗೊಳ್ಳಿ. ಮೊಟ್ಟೆ ತಿನ್ನದವರು ಮೊದಲು ವಿಚಾರಿಸಿ. ಊಟಕ್ಕೆ ವೆಲ್ಷ್ ಎಂಬ ಚೀಸಿನ ತಿನಿಸು ತೋರಿಸುತ್ತಾರೆ. ಅದರ ಕೆಳಗೆ ಸಾಮಾನ್ಯವಾಗಿ ಹಂದಿಮಾಂಸ, ಚೀಸಿನಲ್ಲಿ ಬಿಯರ್ ಇರುತ್ತದೆ. ಸಸ್ಯಾಹಾರಿಗಳು ‘ಸಾಂ ಜಾಂಬೋಂ’ (ಹಂದಿಮಾಂಸವಿಲ್ಲದೆ) ಎಂದು ಹೇಳಲೇಬೇಕು.

ಭಾನುವಾರ ಬೆಳಿಗ್ಗೆ ವಾಝೆಮ್ ಸಂತೆ. ಚಾಲಕನಿಲ್ಲದ ಮೆಟ್ರೋ ಹಿಡಿದು ಗಾಂಬೆಟ್ಟಾದಲ್ಲಿ ಇಳಿಯಿರಿ. ಹಣ್ಣು, ಸೊಪ್ಪು, ಬಟ್ಟೆ, ಹೂವು, ಜನ, ಕೂಗು ಸೇರಿ ದಾದರ್ ಮಾರ್ಕೆಟ್ಟಿನಂತೆಯೇ. ಹನ್ನೊಂದಕ್ಕೆ ಮೊದಲೇ ಹೋಗಿ, ಮಧ್ಯಾಹ್ನಕ್ಕೆ ಕಟ್ಟಿಬಿಡುತ್ತಾರೆ. ಸೆಪ್ಟೆಂಬರ್ ಮೊದಲ ವಾರಾಂತ್ಯದಲ್ಲಿ ಬ್ರಾಡ್ರಿ ಎಂಬ ಹಳೆ ಸಾಮಾನಿನ ದೊಡ್ಡ ಜಾತ್ರೆ. ಆಗ ಹೋಗುವವರು ಹೋಟೆಲನ್ನು ತಿಂಗಳುಗಟ್ಟಲೆ ಮುಂಚೆ ಹಿಡಿಯಬೇಕು.

ಒಂದೇ ಅಂಗಡಿಯಲ್ಲಿ 100 ಯೂರೋ ಮೀರಿ ಕೊಂಡರೆ ಪಾಸ್‌ಪೋರ್ಟ್ ತೋರಿಸಿ ‘ದೆತಾಕ್ಸ್’ ಕಾಗದ ಕೇಳಿ. ಈ ಸೌಲಭ್ಯ ಕೊಡುವ ಅಂಗಡಿಯಾದರೆ ತೆರಿಗೆಯ ಒಂದು ಪಾಲು ವಾಪಸು ಬರುತ್ತದೆ. ವಿಮಾನ ನಿಲ್ದಾಣದಲ್ಲಿ ಬ್ಯಾಗು ಒಪ್ಪಿಸುವ ಮುನ್ನವೇ ಆ ಕಾಗದವನ್ನು ‘ಪಾಬ್ಲೋ’ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಿ. ಕಸ್ಟಮ್ಸ್‌ನವರು ಸಾಮಾನು ತೋರಿಸಿ ಎಂದರೆ ಕೈಗೆ ಸಿಗುವಂತಿರಲಿ.